ಬೇಸ್ ತಂತಿಯ ಸಾರು

ವಾರ್ನಿಷ್ ವಾಸನೆ ಕೆಲವರಿಗೆ ತಲೆನೋವು ತರುತ್ತದೆ. ನನಗೆ ನಗು ತರುತ್ತದೆ. ಇವತ್ತು ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದ ಹಾಗೆ, ಬಲ್ಬಿನ ಕೆಳಗೆ ಒಣಗಲು ಬಿಟ್ಟಿದ್ದ ಮೋಟರಿನ ವಾಸನೆ ಗುಂ ಅಂತ ಮುಖಕ್ಕೆ ಬಡಿಯಿತು. ನಾನೊಬ್ಬನೇ ನಿಂತು ನಕ್ಕೆ. ಎದುರಿನ ಟೀ ಅಂಗಡಿಯವನು ನೋಡಿ ಏನಂದುಕೊಂಡನೋ. ಯಾಕೆ ನಕ್ಕೆ ಅನ್ನುವುದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಕೊಳ್ಳೇಗಾಲದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳು ಹನೂರು, ಹೂಗ್ಯಂ ಕಡೆಯಿಂದ ಬರುತ್ತವೆ. ಹಳೆಯ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲಿಗೆ ಕೈಮುಗಿದವನು ನಾನು. ಆದರೆ ನಾನು ಸುತ್ತಿದ ಮೋಟರು ಅಷ್ಟು ಬೇಗ ಮತ್ತೆ ನನ್ನ ಅಂಗಡಿಗೆ ಬರುವುದಿಲ್ಲ. ವ್ಯಾಪಾರಕ್ಕೆ ಇದು ಒಳ್ಳೆಯದಲ್ಲ, ಮರ್ಯಾದೆಗೆ ಒಳ್ಳೆಯದು.

ಮದುವೆ ಸೀಸನ್ನಿನಲ್ಲಿ ನಾನು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಮೊದಲು ಸೌಂಡ್ ಬಾಕ್ಸ್ ಹೊರಲು ಹೋದವನು, ಆಮೇಲೆ ವೈರ್ ಜೋಡಿಸುವವನಾದೆ, ಆಮೇಲೆ ಹಳೆಯ ಬೇಸಿಸ್ಟು ಮಾರಿಹೋದ ಗಿಟಾರನ್ನು ತಗುಲಿಹಾಕಿಕೊಂಡೆ. ನಾಲ್ಕು ದಪ್ಪ ತಂತಿ, ಕೆಳಗಿನ ಸ್ವರ. ಜನ ಹಾಡುವವರನ್ನು ನೋಡುತ್ತಾರೆ, ಡ್ರಮ್ಸಿನವನನ್ನು ನೋಡುತ್ತಾರೆ. ಬೇಸಿನವನು ಯಾರೋ ಗಿಟಾರ್ ಕಾಯಲು ನಿಂತವನು ಅಂದುಕೊಳ್ಳುತ್ತಾರೆ. ನಮ್ಮ ಮಾವನವರು ಒಮ್ಮೆ ಪೂರ್ತಿ ಪ್ರೋಗ್ರಾಂ ಮುಂದಿನ ಸಾಲಿನಲ್ಲೇ ಕೂತು ಕೇಳಿ, ಕೊನೆಗೆ ನನ್ನ ಹತ್ತಿರ ಬಂದು, "ಅಳೀಮಯ್ಯ, ನಿಮ್ದು ಯಾವಾಗ ಶುರು?" ಅಂದರು.

ಮಾವನವರದ್ದು ತಪ್ಪಿರಲಿಲ್ಲ. ನನ್ನ ಬೇಸು ಕೇಳಿಸುತ್ತಿರಲಿಲ್ಲ.

ಆರ್ಕೆಸ್ಟ್ರಾದ ಯಜಮಾನರು ರಾಜಣ್ಣ. ಕೀಬೋರ್ಡೂ ಅವರದೇ. ಯಳಂದೂರಿನ ಒಂದು ಮದುವೆಯಲ್ಲಿ, ಊಟದ ಎಲೆ ಮುಂದೆ ಕೂತಿದ್ದಾಗ ಮಾತು ತೆಗೆದರು.

"ಲೇ, ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ನಿನ್ ಬೇಸು ಬಾಕ್ಸಲ್ಲಿ ಬರೀ ದುಬ್ ದುಬ್ ಅಂತದೆ. ಅದ್ನ ನಾನು ಕೀಬೋರ್ಡಲ್ಲಿ ಎಡಗೈಲೇ ನುಡಿಸ್ಕತೀನಿ. ಹನೂರು ರಿಸೆಪ್ಷನ್ ಒಂದ್ಕೆ ಬಾ. ಆಮೇಕ್ ನೋಡುಮ."

'ಆಮೇಕ್ ನೋಡುಮ' ಅಂದರೆ ನಮ್ಮ ಕಡೆ ಏನರ್ಥ ಅಂತ ನಿಮಗೆ ಗೊತ್ತು, ಇನ್ನು ಬರಬೇಡ ಅಂತ. ಪಾಯಸ ಎಲೆಗೆ ಬಿತ್ತು, ಎಲೆಯಲ್ಲೇ ಉಳಿಯಿತು. ವಾರವೆಲ್ಲ ಸುಟ್ಟ ತಂತಿ ಕೀಳುವವನಿಗೆ ಆ ಸ್ಟೇಜು ಏನಾಗಿತ್ತು ಅಂತ ಹೇಗೆ ಹೇಳಲಿ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಗುರಿನ ಕಪ್ಪು ತಿಕ್ಕಿ ತೆಗೆದು ನಾನು ಹೋಗುತ್ತಿದ್ದ ಒಂದೇ ಜಾಗ ಅದು.

ಪಕ್ಕದ ಎಲೆಯಲ್ಲಿ ಕೂತಿದ್ದವರು ನಾಗರತ್ನಕ್ಕ, ನಮ್ಮ ಹಾಡುಗಾರ್ತಿ. ಯಳಂದೂರಿನವರೇ, ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ರಾಜಣ್ಣ ಕೈತೊಳೆಯಲು ಎದ್ದ ಮೇಲೆ ನನ್ನ ಪರವಾಗಿ ಏನಾದರೂ ಅಂದಾರು ಅಂತ ಕಾದೆ.

"ತಮ್ಮಯ್ಯ, ಅವ್ನು ಯೋಳಿದ್ದು ಸುಳ್ಳಲ್ಲ ಕಣೋ," ಅಂದರು. "ನೀನು ಬಂದೆ ಅನ್ನದು ಗೊತ್ತಾಯ್ತದೆ, ಏನಂದೆ ಅನ್ನದು ಗೊತ್ತಾಗಕಿಲ್ಲ. ಕಂಬ್ಳಿ ವದ್ಕಂಡು ಮಾತಾಡ್ದಂಗೆ ಅದೆ. ನಿನ್ ಕೈ ಚೆನ್ನಾಗದೆ, ತಂತಿ ನೋಡ್ಕ."

ನನಗೆ ಮೈಯೆಲ್ಲ ಉರಿಯಿತು. ತಂತಿಯ ವಿಷಯ ನನಗೇ ಹೇಳುವುದಾ! ದಿನಾ ತಂತಿಯಲ್ಲೇ ಬದುಕುವವನಿಗೆ! ಅವರಿಗೆ ಹೋಗಿಬರುತ್ತೇನೆ ಅಂತಲೂ ಹೇಳದೆ ಬಸ್ ಹತ್ತಿದೆ. ಆದರೆ ಕಂಬಳಿಯ ಮಾತು ಬಸ್ಸಿನಲ್ಲೂ ಇಳಿಯಲಿಲ್ಲ, ಅಂಗಡಿಯಲ್ಲೂ ಇಳಿಯಲಿಲ್ಲ. ಕೊನೆಗೆ ಒಂದು ದಿನ ಗಿಟಾರ್ ಹೆಗಲಿಗೆ ಹಾಕಿಕೊಂಡು ಮೈಸೂರಿಗೆ ಹೋದೆ.

ಅಲ್ಲಿನ ವಾದ್ಯದ ಅಂಗಡಿಯವರು ನನ್ನ ಹಳೆಯ ತಂತಿಯ ಮೇಲೆ ಉಗುರು ಎಳೆದು ನೋಡಿದರು. ಸದ್ದೇ ಇಲ್ಲ, ನುಣ್ಣಗೆ ಜಾರಿತು. "ಇದು ಫ್ಲಾಟ್‌ವೌಂಡು. ಒಳಗಿನ ತಂತಿ ಮೇಲೆ ಚಪ್ಪಟೆ ಪಟ್ಟಿ ಸುತ್ತಿರ್ತಾರೆ. ಮೆತ್ತಗೆ ನುಡಿಯುತ್ತೆ. ನಿಮಗೆ ರೌಂಡ್‌ವೌಂಡ್ ಬೇಕು," ಅಂತ ಇನ್ನೊಂದು ಕೊಟ್ಟರು. ಅದರ ಮೇಲೆ ಸುತ್ತಿದ್ದು ದುಂಡು ತಂತಿ. ಉಗುರು ಎಳೆದರೆ ಜರ್‍ರ್ ಅಂದಿತು. ಮೀಟಿದರೆ ಖಣ್ ಅಂದಿತು, ಸ್ಟೀಲ್ ತಟ್ಟೆಗೆ ಚಮಚ ತಾಗಿದ ಹಾಗೆ. ಸುತ್ತುವ ತಂತಿಯ ಆಕಾರ ಬದಲಾದರೆ ದನಿ ಬದಲಾಗುತ್ತದೆ ಅನ್ನುವುದು ಇಷ್ಟು ವರ್ಷ ಸುತ್ತಿದ ನನಗೇ ಹೊಳೆದಿರಲಿಲ್ಲವಲ್ಲ!

ಅದರಲ್ಲೂ ಎರಡು ಬಗೆ, ನಿಕ್ಕಲ್ಲು ಮತ್ತು ಸ್ಟೀಲು. ಅಂಗಡಿಯೊಳಗೆ ಎರಡೂ ಚೆನ್ನಾಗೇ ಕೇಳಿದವು. ಆದರೆ ಮೋಟರನ್ನು ನಾನು ಮೇಜಿನ ಮೇಲೆ ಓಡಿಸಿ ನಂಬುವವನಲ್ಲ, ನೀರೆತ್ತುವಾಗ ನೋಡಬೇಕು. "ಸಾ, ನೀವು ಒಳ್ಗಿಂದ ಬಾರಿಸ್ತಾ ಇರಿ, ನಾನು ರೋಡಿನ್ ಆಚೆ ನಿಂತ್ಕಂಡು ಕೇಳ್ತೀನಿ," ಅಂದೆ. ಪುಣ್ಯಾತ್ಮರು ಒಪ್ಪಿದರು. ಆಚೆ ಬದಿಯ ಫುಟ್‌ಪಾತಿನಲ್ಲಿ ಎಳನೀರಿನವನ ಪಕ್ಕ ನಿಂತೆ. ಸಿಟಿ ಬಸ್ಸು ಹಾರನ್ ಹೊಡೆದುಕೊಂಡು ಬಂದಾಗ ನಿಕ್ಕಲ್ಲು ಅದರ ಹೊಗೆಯಲ್ಲೇ ಮುಳುಗಿತು. ಸ್ಟೀಲು ಬಸ್ಸನ್ನು ಸೀಳಿಕೊಂಡು ಈಚೆ ಬಂತು. ರಸ್ತೆಯಿಂದಲೇ ಕೈಯೆತ್ತಿ, "ಅದೇ, ಅದೇ!" ಅಂತ ಕೂಗಿದೆ. ಎಳನೀರಿನವನು ತನಗೇ ಅಂದೆ ಅಂತ ಕಾಯಿಗೆ ಕತ್ತಿ ಎತ್ತಿಬಿಟ್ಟಿದ್ದ, ಅದನ್ನೂ ಕುಡಿದು ಬಂದೆ.

"ಸ್ಟೀಲು ಬೆರಳು ತಿನ್ನುತ್ತೆ," ಅಂದರು ಅಂಗಡಿಯವರು. ತಾಮ್ರ ಎಳೆದು ಜಡ್ಡುಗಟ್ಟಿದ ನನ್ನ ಬೆರಳು ತೋರಿಸಿದೆ. ತಂತಿ ಕಟ್ಟಿಕೊಟ್ಟರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಮನೆಗೆ ಬಂದು ತಂತಿ ಕಟ್ಟಿ ನುಡಿಸಿದೆ, ಕಿವಿ ತುಂಬಿತು. ಆಮೇಲೆ ಯೋಚನೆ ಬಂತು: ಬೆವರಿನ ಕೈ, ಬಿಸಿಲಿನ ಶಾಮಿಯಾನ, ಇಷ್ಟು ಚೆಂದದ ತಂತಿಗೆ ತುಕ್ಕು ಹಿಡಿದರೆ? ಸುತ್ತಿದ ತಂತಿಯನ್ನು ಹಾಗೇ ಬರಿಮೈಯಲ್ಲಿ ಬಿಡುವ ಅಭ್ಯಾಸ ನನ್ನ ಕೈಗೆ ಇಲ್ಲ. ನಾಲ್ಕೂ ಬಿಚ್ಚಿ ಅಂಗಡಿಗೆ ಒಯ್ದು, ತೆಳ್ಳಗೆ ಅಂದುಕೊಂಡೇ ವಾರ್ನಿಷ್ ಕುಡಿಸಿ, ಬಲ್ಬಿನ ಕೆಳಗೆ ನೇತುಹಾಕಿದೆ. ಮರುದಿನ ಕಟ್ಟಿ ಮೀಟಿದರೆ, ದೇವರೇ, ದನ ಕಟ್ಟುವ ಹಗ್ಗವಾದರೂ ಅದಕ್ಕಿಂತ ಚೆನ್ನಾಗಿ ನುಡಿಯುತ್ತಿತ್ತು. ಸುತ್ತಿನ ಸಂದಿಗೆಲ್ಲ ವಾರ್ನಿಷ್ ಇಳಿದು ಕೂತುಬಿಟ್ಟಿತ್ತು. ಅವತ್ತೇ ಸಂಜೆ ಹನೂರು ಪ್ರೋಗ್ರಾಂ. ಮೈಸೂರಿಗೆ ಹೋಗಿಬರಲು ಹೊತ್ತಿಲ್ಲ.

ಯಾರಿಗೆ ಹೇಳಲಿ? ನಾಚಿಕೆ ಬಿಟ್ಟು ನಾಗರತ್ನಕ್ಕನಿಗೇ ಫೋನ್ ಮಾಡಿದೆ. ಅವರು ನಕ್ಕ ನಗುವಿಗೆ ಹೊಲಿಗೆ ಮಿಷನ್ನಿನ ಸದ್ದು ನಿಂತುಹೋಯಿತು.

"ಬಟ್ಟೆಗೆ ಗ್ರೀಸ್ ಆದ್ರೆ ಏನ್ಲಾ ಮಾಡ್ತೀವಿ? ಬಟ್ಟೆ ಬಿಸಾಕ್ತೀವಾ? ಅದು ಯಾತ್ರಲ್ಲಿ ಕರಗ್ತದೋ ಅದ್ರಲ್ಲಿ ನೆನೆಯಾಕು. ಆಮೇಲೆ ಬಿಸ್ನೀರಲ್ಲಿ ಕುದ್ಸು. ಅಳ್ತಾ ಕೂರ್‍ಬ್ಯಾಡ, ಏಳು."

ಡಬ್ಬದಲ್ಲಿ ಥಿನ್ನರ್ ಸುರಿದು ತಂತಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿ ಸಂದಿ ತಿಕ್ಕಿದೆ. ಸೋಪು ಹಾಕಿ ತೊಳೆದು ಮನೆಗೆ ತಂದು, ಪಾತ್ರೆಯಲ್ಲಿ ಸುರುಳಿ ಸುತ್ತಿ ಒಲೆಯ ಮೇಲಿಟ್ಟೆ. ನನ್ನ ಹೆಂಡತಿ ಬಂದು ಮುಚ್ಚಳ ತೆಗೆದು ನೋಡಿದಳು.

"ಏನ್ ಸಾರಿದು? ಒಗ್ಗರಣೆ ಆಕ್ಲಾ?"

ನಾನು ಇಕ್ಕಳದಲ್ಲಿ ತಂತಿ ಎತ್ತಿದೆ. ಅವಳೇ ಬಟ್ಟೆ ತಂದು ಒಂದೊಂದಾಗಿ ಒರೆಸಿಕೊಟ್ಟಳು. ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಲಿಲ್ಲ, ಅದು ಬೇರೆ ಮಾತು.

ಹನೂರಿನಲ್ಲಿ ಜನರೇಟರಿನ ಗದ್ದಲ, ಊಟದ ಪಂಕ್ತಿಯ ಗದ್ದಲ. ಮೊದಲ ಹಾಡಿಗೆ ರಾಜಣ್ಣ ಬಲಗೈಯಲ್ಲಿ ರಾಗ, ಎಡಗೈಯಲ್ಲಿ ನನ್ನ ಬೇಸು, ಎರಡೂ ಶುರು ಮಾಡಿದರು. ನಾನೂ ಶುರು ಮಾಡಿದೆ. ಪೂರ್ತಿ ಹೊಸದರಂತಲ್ಲದಿದ್ದರೂ ತಂತಿ ಬದುಕಿತ್ತು. ಒಂದೊಂದು ಏಟೂ ಜನರ ತಲೆಯ ಮೇಲೆ ಹಾದು ಶಾಮಿಯಾನದ ಆ ತುದಿಗೆ ಹೋಗುತ್ತಿತ್ತು. ಹಾಡುತ್ತಿದ್ದ ನಾಗರತ್ನಕ್ಕ ಚರಣದ ನಡುವೆ ನನ್ನ ಕಡೆ ಒಂದು ಹೆಜ್ಜೆ ಸರಿದು ನಿಂತರು. ರಾಜಣ್ಣ ತಿರುಗಿ ನೋಡಲಿಲ್ಲ. ಅವರ ಎಡಗೈ ಮಾತ್ರ ನಿಧಾನವಾಗಿ ಕೀಬೋರ್ಡಿನಿಂದ ಎದ್ದು, ಪಕ್ಕದಲ್ಲಿದ್ದ ಕಾಫಿ ಲೋಟ ಹಿಡಿಯಿತು. ಕೊನೆಯ ಹಾಡಿನವರೆಗೂ ಆ ಕೈ ತಿರುಗಿ ಕೆಳಗಿನ ಸ್ವರಕ್ಕೆ ಬರಲಿಲ್ಲ.

ಮುಗಿದ ಮೇಲೆ ಅವರು ಅಂದದ್ದು ಇಷ್ಟೇ: "ಲೇ, ಪೇಂಟ್ ಅಂಗ್ಡಿ ವಾಸ್ನೆ ಒಡೀತಿದ್ದೀಯ, ಮುಂದಿನ್ ಸಲ ಸ್ನಾನ ಮಾಡ್ಕಂಡ್ ಬಾ." ಮುಂದಿನ ಸಲ! ಟೆಂಪೋದಲ್ಲಿ ಕೊಳ್ಳೇಗಾಲದವರೆಗೂ ನಾನು ಅದೊಂದೇ ಮಾತನ್ನು ಮೆಲುಕು ಹಾಕಿದೆ.

ಹೊಸ ಹುಡುಗರಿಗೆ ಈ ಕಥೆ ಹೇಳುವಾಗಲೆಲ್ಲ ಮೈಸೂರಿನ ರಸ್ತೆ ದಾಟಿ ನಿಂತದ್ದನ್ನು ದೊಡ್ಡದು ಮಾಡಿ ಹೇಳುತ್ತೇನೆ. ಕಿವಿ ನನ್ನದು, ಆಯ್ಕೆ ನನ್ನದು. ಸುಳ್ಳೇನಲ್ಲ. ಆದರೆ ಇವತ್ತು ಷಟರಿನ ಕೆಳಗೆ ನಿಂತು ನಕ್ಕಾಗ ಅನ್ನಿಸಿತು, ರಸ್ತೆಯವರೆಗೆ ನನ್ನನ್ನು ತಳ್ಳಿದವರು ಯಾರು? ನಾಗರತ್ನಕ್ಕ ಈಗ ಹಾಡಲು ಬರುವುದಿಲ್ಲ, ಮಂಡಿನೋವು. ಅವರಿಗೆ ಒಂದು ದಿನವೂ ನಾನು ಬಾಯಿಬಿಟ್ಟು ಏನೂ ಹೇಳಿಲ್ಲ.

ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಗಿಟಾರಿಗೆ ಹೊಸ ಸ್ಟೀಲ್ ತಂತಿ ಕಟ್ಟಿ, ಅವರಿಗೆ ಫೋನ್ ಮಾಡಿದೆ. "ಅಕ್ಕ, ನಿಮ್ಮಿಂದ್ಲೇ..." ಅಂತ ಶುರು ಮಾಡಿದೆ. ಫೋನನ್ನು ಮೇಜಿನ ಮೇಲಿಟ್ಟು ನಾಲ್ಕೂ ತಂತಿ ನಿಧಾನವಾಗಿ ಮೀಟಿದೆ.

ಆ ಕಡೆಯಿಂದ ನಾಗರತ್ನಕ್ಕ ಅಂದರು:

"ಎಲ್ಡನೇದು ವಸಿ ಇಳ್ದದೆ ಕಣೋ ತಮ್ಮಯ್ಯ."

"ಈಗ್ ತಾನೇ ಟ್ಯೂನರ್ ಮಿಷನ್ ಇಟ್ಟು ಶ್ರುತಿ ಮಾಡಿವ್ನಿ ಕಣಕ್ಕ."

"ಆಗ ಸರ್‍ಯಾಗಿತ್ತೇನೋ. ಹೊಸ ತಂತಿ, ಇಳೀತದೆ. ವಸಿ ಏರ್ಸು."

ಬಿರಡೆ ತಿರುಗಿಸುತ್ತಾ ಮೀಟಿದೆ. ಇನ್ನೂ ಸ್ವಲ್ಪ ತಿರುಗಿಸಿದೆ.

"ಆ, ಸಾಕು," ಅಂದರು. ಕೈ ನಿಲ್ಲಿಸಿದೆ.