ಎದುರುಮನೆಯ ಅಕ್ಕೋರು

ಬೆಟಗೇರಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದವರು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದ ಅಕ್ಕೋರು. ಓಣಿಯಲ್ಲಿ ಯಾರಾದರೂ ಗ್ಯಾಸ್ ಸಿಲಿಂಡರಿಗೋ ನೀರಿನ ಕೊಡಕ್ಕೋ ಬಗ್ಗಿದರೆ ಸಾಕು, ಅವರ ಕಟ್ಟೆಯಿಂದ ಕೂಗು ಬರುತ್ತಿತ್ತು: "ನಡಾ ಬಗ್ಗಸಬ್ಯಾಡ್ರಿ, ಮಣಕಾಲ ಮಡಚ್ರಿ!" ಹೇಳಿ ಸುಮ್ಮನಾಗುತ್ತಿರಲಿಲ್ಲ. ನೆರಿಗೆ ಎತ್ತಿ ಹಿಡಿದು ಬಂದು, ಕುಕ್ಕರುಗಾಲಿನಲ್ಲಿ ಕೂತು, ಕೊಡವನ್ನು ಎದೆಗೆ ಅವಚಿಕೊಂಡು ಎದ್ದು ತೋರಿಸುತ್ತಿದ್ದರು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಅವರದು ಭಾರೀ ಮೈ. ಗಾಬರಿಯಿಂದ ಅವರ ಬಗಲಿಗೆ ಕೈಹಾಕಿ ಜಗ್ಗಿದಾಗ ನನ್ನ ಬೆನ್ನಿನಲ್ಲಿ ಚಳಕು ಹೊಡೆಯಿತು. ಹೆಂಡತಿಯ ಕೂಗು ಕೇಳಿ ಅಕ್ಕೋರು ಓಡಿ ಬಂದರು.

"ಬಿಡು ತಮ್ಮಾ! ಇಬ್ಬರೂ ಕೂಡಿ ಹಾಸಿಗಿ ಹಿಡೀತೀರೇನು? ಒಂದು ಕುರ್ಚಿ ತಾ."

ಅಪ್ಪನ ಪಕ್ಕ ನೆಲದ ಮೇಲೆ ಕೂತು, "ಕಾಕಾರ, ಎಲ್ಲೆರೆ ನೋವೈತೇನ್ರಿ?" ಎಂದು ಕೈಕಾಲು ಮುಟ್ಟಿ ನೋಡಿದರು. ಇಲ್ಲವೆಂದಾಗ ಮೆಲ್ಲಗೆ ಹೊರಳಿಸಿ, ಮಂಡಿಯೂರಿಸಿ, ಅವರ ಎರಡೂ ಕೈಗಳನ್ನು ಕುರ್ಚಿಯ ಮೇಲೆ ಇಡಿಸಿದರು. "ಈಗ ಒಂದು ಕಾಲು ಮುಂದಿಡ್ರಿ. ಅವಸರಿಲ್ಲ." ಅಪ್ಪ ಕುರ್ಚಿಯನ್ನು ಒತ್ತಿ ತಾವೇ ಎದ್ದರು. ಅಕ್ಕೋರು ಕುರ್ಚಿ ಜಾರದಂತೆ ಹಿಡಿದಿದ್ದರು, ಅಷ್ಟೆ.

ನಾಚಿಕೆಯಿಂದ ಅಪ್ಪ ತಲೆ ಎತ್ತಲಿಲ್ಲ. "ನಿಮಗೆಲ್ಲಾ ತ್ರಾಸ ಕೊಟ್ಟೆ" ಎಂದರು.

"ಯಾರಿಗ್ರಿ ತ್ರಾಸ? ಎದ್ದವರು ನೀವು. ನಾವು ಬರೇ ನೋಡಿದ್ವಿ" ಎಂದರು ಅಕ್ಕೋರು.

ಅಂದು ಸಂಜೆ ನೋಡಲು ಬಂದವರಿಗೆ ಅಪ್ಪ ಬಿದ್ದ ಕತೆ ಹೇಳಲೇ ಇಲ್ಲ. ತಾವು ಎದ್ದ ಕತೆಯನ್ನೇ ಹೇಳುತ್ತ ಕೂತರು.