ಬಟಾಣಿಗೆ ಕೊಟ್ಟ ಅರ್ಧ ಮಾತ್ರೆ

ಬೀದಿಯವರಿಗೆಲ್ಲ ಅವಳು ಪರದೆಯಕ್ಕ. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವುದು ಅವಳ ಕಸುಬು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಹೊಲಿಗೆ ಯಂತ್ರ ಮತ್ತು ಬಟ್ಟೆಯ ಥಾನುಗಳು, ಇನ್ನೊಂದರಲ್ಲಿ ಅತ್ತೆಯ ಮಂಚ. ಆ ಮಂಚದ ಕೆಳಗೆ ಬಟಾಣಿ ಎಂಬ ನಾಯಿ. ಗಂಡ ಬದುಕಿದ್ದಾಗ ಒಂದು ಸಂಜೆ ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದಿದ್ದ. "ಇದೇನೋ ಇದು, ಬಟಾಣಿ ಕಾಳಿನಷ್ಟಿದೆ" ಎಂದು ಅತ್ತೆ ಮೂಗು ಮುರಿದಿದ್ದರು. ಅದೇ ಹೆಸರಾಗಿ ನಿಂತುಬಿಟ್ಟಿತು.

ಗಂಡ ಗಾರೆ ಕೆಲಸದ ಮೇಸ್ತ್ರಿ. ಕೆಲಸದ ಜಾಗದಲ್ಲೇ ಬಿದ್ದು ತೀರಿಕೊಂಡ. ಆಮೇಲೆ ಅತ್ತೆ ಸೊಸೆ ಜಗಳವನ್ನೇನೂ ಆಡಲಿಲ್ಲ. ಆದರೆ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಅವನ ನೆನಪು ಒತ್ತರಿಸಿಕೊಂಡು ಬರುತ್ತಿತ್ತು. ಹಾಗಾಗಿ ಇಬ್ಬರೂ ಮಾತಾಡಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದರು. "ಬಟಾಣಿ, ನಿಮ್ಮಮ್ಮನಿಗೆ ಹೇಳು, ಚಹಾ ಆರಿ ಹೋಗ್ತಾ ಇದೆ ಅಂತ." "ಬಟಾಣಿ, ಅಜ್ಜಿ ಮಾತ್ರೆ ತಗೊಂಡ್ರಾ ಕೇಳು." ನಾಯಿ ಇಬ್ಬರ ಮುಖವನ್ನೂ ನೋಡಿ ಬಾಲ ಆಡಿಸುತ್ತಿತ್ತು.

ಹೀಗಿರುವಾಗ ಕಟ್ಟಡ ಮಾರಾಟವಾಯಿತು. ದೂರದ ದೇಶದಲ್ಲಿ ನರ್ಸಾಗಿದ್ದ ನಾದಿನಿ ಇಬ್ಬರನ್ನೂ ತನ್ನಲ್ಲಿಗೆ ಕರೆದಳು. "ನಾಯೀನ ಅಲ್ಲೇ ಯಾರಿಗಾದ್ರೂ ಕೊಟ್ಟು ಬನ್ನಿ ಅತ್ತಿಗೆ" ಎಂದಾಗ ಅತ್ತೆ ಫೋನು ಕಸಿದುಕೊಂಡು, "ಹಾಗಾದ್ರೆ ನನ್ನನ್ನೂ ಯಾರಿಗಾದ್ರೂ ಕೊಟ್ಟು, ಇವಳೊಬ್ಬಳೇ ಬರ್ತಾಳೆ ಬಿಡು" ಎಂದರು. ನಾದಿನಿ ನಾಯಿಗೂ ಸೇರಿಸಿ ಟಿಕೆಟ್ ಮಾಡಿಸಿದಳು.

ಬಟಾಣಿಗೆ ಚುಚ್ಚುಮದ್ದು ಹಾಕಿಸಿ ಕಾಗದಪತ್ರ ಮಾಡಿಸಿದರು. ವಿಮಾನದಲ್ಲಿ ಮುಂದಿನ ಸೀಟಿನ ಕೆಳಗೆ ಹಿಡಿಸುವಂಥ ಜಾಲರಿ ಚೀಲವೂ ಬಂತು. "ನಿದ್ದೆಗಿದ್ದೆ ಬರೋ ಔಷಧಿ ಮಾತ್ರ ಕೊಡಬೇಡಿ. ಮೇಲೆ ಹೋದಾಗ ಉಸಿರಿಗೆ ಕಷ್ಟ ಆಗುತ್ತೆ" ಎಂದು ಪಶುವೈದ್ಯರು ಇಬ್ಬರ ಎದುರಿಗೇ ಹೇಳಿದ್ದರು.

ಹೊರಟ ದಿನ ಚೀಲದೊಳಗೆ ಕೂತ ನಾಯಿ ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಊಳಿಟ್ಟಿತು. ವಿಮಾನ ನಿಲ್ದಾಣದ ಕೌಂಟರಿನಲ್ಲೂ ನಿಲ್ಲಿಸಲಿಲ್ಲ. ಹಿಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಕೌಂಟರಿನವನು ಬಗ್ಗಿ ನೋಡಿ, "ಹೀಗೇ ಕೂಗ್ತಾ ಇದ್ರೆ ಹತ್ತಿಸೋಕೆ ಆಗಲ್ಲಮ್ಮ. ಯಾರಾದ್ರೂ ದೂರು ಕೊಟ್ರೆ ನಿಮ್ಮನ್ನೂ ಇಳಿಸಿಬಿಡ್ತಾರೆ" ಎಂದ.

ಪರದೆಯಕ್ಕನ ಜೀವ ಬಾಯಿಗೆ ಬಂತು. ಇಳಿದು ಎಲ್ಲಿಗೆ ಹೋಗುವುದು? ಕೋಣೆಯ ಬೀಗದ ಕೈ ಬೆಳಿಗ್ಗೆಯೇ ಕೊಟ್ಟಾಗಿತ್ತು. ಹೊಲಿಗೆ ಯಂತ್ರ ಇನ್ನೊಬ್ಬರ ಪಾಲಾಗಿತ್ತು. ಅವಳು ಚೀಲ ಎತ್ತಿಕೊಂಡು ಶೌಚಾಲಯಕ್ಕೆ ನಡೆದಳು. ಅತ್ತೆಯ ನಿದ್ದೆ ಮಾತ್ರೆ ಅವಳ ಕೈಚೀಲದಲ್ಲೇ ಇತ್ತು. ಒಂದನ್ನು ಮುರಿದು ಅರ್ಧವನ್ನು ಬ್ರೆಡ್ಡಿನ ಚೂರಿನಲ್ಲಿ ಅದುಮಿದಳು. ಬಟಾಣಿ ಅವಳ ಬೆರಳನ್ನೂ ಸೇರಿಸಿ ನೆಕ್ಕಿ ತಿಂದಿತು. ಅವಳು ಕನ್ನಡಿಯ ಕಡೆ ತಲೆ ಎತ್ತದೆ ಹೊರಬಂದಳು.

ವಿಮಾನ ಏರುವ ಹೊತ್ತಿಗೆ ನಾಯಿ ಗಪ್‌ಚುಪ್.

"ಜಾಣ ನನ್ನ ಬಟಾಣಿ, ಹೇಗೆ ಮಲಗಿಬಿಟ್ಟಿದೆ" ಎಂದು ಅತ್ತೆ ಕಿಟಕಿಯ ಪಕ್ಕ ಕೂತು ಹಿಗ್ಗಿದರು. ಪರದೆಯಕ್ಕ ಹೂಂ ಅಂದಳು. ಊಟ ಬಂತು, ತಟ್ಟೆ ಹೋಯಿತು, ಹೊರಗೆ ಬಿಸಿಲು ಮೋಡದ ಮೇಲೆ ಕಣ್ಣು ಕುಕ್ಕುತ್ತಿತ್ತು. ನಾಯಿ ಮಗ್ಗುಲು ಬದಲಿಸಲಿಲ್ಲ. ಅವಳು ಬಗ್ಗಿ ಜಿಪ್ಪು ಒಂದಿಷ್ಟು ಸರಿಸಿ ಕೈ ಹಾಕಿದಳು. ಮೂಗು ಒಣಗಿತ್ತು, ಕಿವಿ ತಣ್ಣಗಿತ್ತು. ಪಕ್ಕೆಯ ಮೇಲೆ ಅಂಗೈ ಇಟ್ಟು ಕಾದಳು. ಒಂದು ಉಸಿರು ಬಂತು. ಇನ್ನೊಂದು ಬರುವಷ್ಟರಲ್ಲಿ ಅವಳ ಉಸಿರೇ ನಿಂತ ಹಾಗಾಯಿತು.

"ನೀರು ಕುಡಿಸೇ ಅದಕ್ಕೆ" ಎಂದರು ಅತ್ತೆ.

"ಮಲಗಿರಲಿ ಬಿಡಿ ಅತ್ತೆ."

"ಇಷ್ಟು ಹೊತ್ತು ಅದು ಯಾವತ್ತಾದ್ರೂ ಮಲಗಿದ್ದುಂಟಾ?"

ಕೈಯಾರೆ ಕೊಂದೆ ಎಂಬ ಒಂದೇ ಮಾತು ಪರದೆಯಕ್ಕನ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಗಂಡ ತಂದುಕೊಟ್ಟದ್ದರಲ್ಲಿ ಉಸಿರಾಡುವುದು ಅಂತ ಉಳಿದದ್ದು ಇದೊಂದೇ. ಕೊನೆಗೆ ಚೀಲ ಎದೆಗವಚಿಕೊಂಡು ಎದ್ದು, ಯಾರು ಏನೆಂದರೂ ಕಿವಿಗೆ ಹಾಕಿಕೊಳ್ಳದೆ ವಿಮಾನದ ಹಿಂಬದಿಗೆ ಹೋದಳು.

"ಚೀಲ ತೆಗೆಯೋ ಹಾಗಿಲ್ಲಮ್ಮ, ಸೀಟಿಗೆ ಹೋಗಿ" ಎಂದಳು ಗಗನಸಖಿ.

"ನಿಮ್ಮ ಕಾಲಿಗೆ ಬೀಳ್ತೀನಿ, ಸಾಯ್ತಾ ಇದೆ" ಎಂದವಳೇ ಪರದೆಯಕ್ಕ ಅಲ್ಲೇ ನೆಲಕ್ಕೆ ಕುಸಿದಳು. ಗಗನಸಖಿ ಒಂದು ಗಳಿಗೆ ನೋಡಿ ತಾನೇ ಮಂಡಿಯೂರಿ ಜಿಪ್ಪು ಎಳೆದಳು. ನಾಯಿಯ ತಲೆ ಒದ್ದೆ ಬಟ್ಟೆಯಂತೆ ಜೋತುಬಿತ್ತು.

ವಿಮಾನದಲ್ಲಿ ವೈದ್ಯರು ಯಾರಾದರೂ ಇದ್ದರೆ ಬರಬೇಕೆಂದು ಕೂಗಿ ಹೇಳಿಸಿದರು. ಬಂದದ್ದು ಒಬ್ಬ ದಪ್ಪನೆಯ ಮನುಷ್ಯ. ಎದುರಿಗಿದ್ದ ರೋಗಿಯನ್ನು ಕಂಡು ತಬ್ಬಿಬ್ಬಾದ. "ನಾನು ಹಲ್ಲಿನ ಡಾಕ್ಟರು ಕಣ್ರೀ. ಅದೂ ಮನುಷ್ಯರ ಹಲ್ಲು." ಆದರೂ ಕೂತ. ಕುತ್ತಿಗೆ ನೆಟ್ಟಗೆ ಮಾಡಿ ನಾಲಿಗೆ ಮುಂದಕ್ಕೆಳೆದ. ಆಮ್ಲಜನಕದ ಪುಟ್ಟ ಸಿಲಿಂಡರು ತರಿಸಿ ಮಕ್ಕಳ ಮಾಸ್ಕನ್ನು ಮೂತಿಗೆ ಹಿಡಿದ. "ಮೈ ಬೆಚ್ಚಗಿಡಿ, ತಿಕ್ತಾ ಇರಿ" ಎಂದು, "ಏನಾದ್ರೂ ತಿನ್ನಿಸಿದ್ರಾ?" ಎಂದು ಕೇಳಿದ.

ಅಷ್ಟರಲ್ಲಿ ಅತ್ತೆ ಸೀಟುಗಳನ್ನು ಹಿಡಿದುಕೊಂಡು ಬಂದು ಬೆನ್ನ ಹಿಂದೆ ನಿಂತಿದ್ದರು. ಪರದೆಯಕ್ಕ ತಲೆ ತಗ್ಗಿಸಿದಳು.

"ನಿದ್ದೆ ಮಾತ್ರೆ ಕೊಟ್ಟೆ. ಅರ್ಧ. ಶೌಚಾಲಯದಲ್ಲಿ. ಅತ್ತೆ, ನನ್ನನ್ನ ಏನು ಬೇಕಾದ್ರೂ ಅನ್ನಿ."

ಅತ್ತೆ ಗೋಡೆಗೆ ಒರಗಿಕೊಂಡು ಮೆಲ್ಲಗೆ ನೆಲಕ್ಕೆ ಕೂತರು.

"ನಾನೂ ಕೊಟ್ಟೆ ಕಣೆ. ನೀನು ಟ್ಯಾಕ್ಸಿಯಿಂದ ಪೆಟ್ಟಿಗೆ ಇಳಿಸ್ತಾ ಇದ್ದಾಗ. ನನಗೆ ಅಂತ ಕರ್ಚೀಫಲ್ಲಿ ಕಟ್ಟಿಟ್ಟುಕೊಂಡಿದ್ದ ಅರ್ಧ."

ಆ ಹಲ್ಲಿನ ವೈದ್ಯ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಬೈಯಲು ಬಾಯಿ ತೆರೆದವನು ಮತ್ತೆ ಮಾಸ್ಕನ್ನು ನಾಯಿಯ ಮೂತಿಗೆ ಒತ್ತಿದ.

ಮಿಕ್ಕ ದಾರಿಯೆಲ್ಲ ಅವರು ಆ ನೆಲದ ಮೇಲೇ ಕೂತರು. ಗಗನಸಖಿ ಎರಡು ಕಂಬಳಿ ಕೊಟ್ಟು, ಪರದೆ ಎಳೆದು ಮರೆಮಾಡಿದಳು. ಒಬ್ಬರ ಕೈ ಸೋತರೆ ಇನ್ನೊಬ್ಬರು ತಿಕ್ಕಿದರು. "ಅವನು ಹೋದಾಗ ನಾವು ಪಕ್ಕದಲ್ಲಿರಲಿಲ್ಲ" ಎಂದರು ಅತ್ತೆ ಒಮ್ಮೆ. "ಇಲ್ಲ ಅತ್ತೆ" ಎಂದಳು ಸೊಸೆ. ಅವನ ಬಗ್ಗೆ ಅವರಿಬ್ಬರೂ ನೇರವಾಗಿ ಆಡಿಕೊಂಡ ಮೊದಲ ಮಾತು ಅದು. ಒಂದು ಸಲ ಉಸಿರು ತುಂಬಾ ಹೊತ್ತು ಬರಲೇ ಇಲ್ಲ. ಅತ್ತೆ ನಾಯಿಯ ಮುಖಕ್ಕೆ ಮುಖ ಒತ್ತಿ, "ಬಾರೋ, ಬಾರೋ" ಎಂದು ಗೋಗರೆದರು. ಕರೆದದ್ದು ನಾಯಿಯನ್ನೋ ಮಗನನ್ನೋ ಪರದೆಯಕ್ಕನಿಗೆ ತಿಳಿಯಲಿಲ್ಲ. ಉಸಿರು ಬಂತು.

ಇಳಿಯುವಾಗಲೂ ಬಟಾಣಿಗೆ ಎಚ್ಚರವಿರಲಿಲ್ಲ. ಹೊರಗೆ ಕಾಯುತ್ತಿದ್ದ ನಾದಿನಿ ಅಪ್ಪಿಕೊಳ್ಳಲು ಕೈ ಚಾಚಿದವಳು ಚೀಲ ನೋಡಿ ಕಾರಿನತ್ತ ಓಡಿದಳು. ಪಶು ಆಸ್ಪತ್ರೆಯ ಹೆಣ್ಣು ಡಾಕ್ಟರು ಸೂಜಿ ಚುಚ್ಚುತ್ತಲೇ, ಯಾರು ಏನು ಕೊಟ್ಟರೆಂದು ನಾದಿನಿಯ ಮೂಲಕ ಕೇಳಿದರು. ಪರದೆಯಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ, "ನಾನೇ. ಒಂದು ಇಡೀ ಮಾತ್ರೆ" ಎಂದುಬಿಟ್ಟರು.

ಡಾಕ್ಟರು ಎರಡು ದಿನ ಯಾವ ಭರವಸೆಯನ್ನೂ ಕೊಡಲಿಲ್ಲ. ಮೂರನೆಯ ದಿನ ಬಟಾಣಿ ತಲೆ ಎತ್ತಿತು, ಸ್ವಲ್ಪ ನೀರು ಕುಡಿಯಿತು, ಕುಡಿದದ್ದನ್ನೆಲ್ಲ ಪರದೆಯಕ್ಕನ ಮಡಿಲಲ್ಲಿ ಕಕ್ಕಿತು. ಮನೆಗೆ ಬಂದ ಮೇಲೂ ಅದರ ಹಿಂಗಾಲಿಗೆ ಮೊದಲಿನ ಕಸುವಿರಲಿಲ್ಲ. ಮೆಟ್ಟಿಲಿನ ಬಳಿ ನಿಂತು, ಎತ್ತಿಕೊಳ್ಳಲೆಂದು ಕಾಯುತ್ತಿತ್ತು.

ಅದನ್ನು ಆಸ್ಪತ್ರೆಯಿಂದ ಕಾರಿನಲ್ಲಿ ಕರೆತಂದ ದಿನ ನಾದಿನಿ ಸಿಗ್ನಲ್ ಸಿಕ್ಕಿದಲ್ಲೆಲ್ಲ ತಾಯಿಯನ್ನು ಬೈದಳು. "ಊರಲ್ಲೇ ಡಾಕ್ಟರು ಬೇಡ ಅಂದಿದ್ರಂತೆ. ನಿನಗೆ ಬುದ್ಧಿ ಎಲ್ಲಿ ಹೋಗಿತ್ತಮ್ಮ?" ಹಿಂದಿನ ಸೀಟಿನಲ್ಲಿ ಪರದೆಯಕ್ಕ, "ಅದು ಹಾಗಲ್ಲ..." ಎಂದು ಶುರುಮಾಡಿದಳು. ಅತ್ತೆ ಅವಳ ಮೊಣಕಾಲನ್ನು ಗಟ್ಟಿಯಾಗಿ ಅದುಮಿದರು.

"ವಯಸ್ಸಾಯ್ತು ಕಣೆ, ಮರೆತುಹೋಯ್ತು" ಎಂದರು ಮಗಳಿಗೆ.