ಬಂಡೆ ಬ್ಯಾಂಡ್

ನಮ್ಮಣ್ಣ ಗವಿಸಿದ್ದಪ್ಪನನ್ನು ಬಳ್ಳಾರಿಯ ಜನ ಬಲ್ಲದ್ದು ರೇಡಿಯೋ ರಿಪೇರಿಯವನೆಂದು. ಅದಕ್ಕೂ ಮೊದಲು ಅವನು ಒಂದು ಬ್ಯಾಂಡ್ ಕಟ್ಟಿದ್ದ, ಅದು ವರ್ಷ ತುಂಬುವುದರೊಳಗೆ ಮುಗಿದುಹೋಯಿತು ಎಂದರೆ ಈಗಲೂ ಕೆಲವರು ನಗುತ್ತಾರೆ. ನಗುವವರ ಮುಂದೆ ಎಡವಿ ಬಿದ್ದವನು ಅವನು, ನಿಜ. ಆದರೆ ಎಡವಿದ್ದು ಯಾಕೆಂದು ತಂಗಿಯಾದ ನಾನು ಹೇಳದೆ ಇನ್ಯಾರು ಹೇಳಬೇಕು?

ಎಪ್ಪತ್ತೈದನೇ ಇಸವಿ. ನಮ್ಮಪ್ಪ ತಿಪ್ಪೇರುದ್ರಪ್ಪನವರದು ಕುರುಗೋಡಿನಲ್ಲಿ ಹತ್ತಿಯ ವ್ಯಾಪಾರ. ಮಗನನ್ನು ಓದಲೆಂದು ಬಳ್ಳಾರಿಗೆ ಕಳಿಸಿದರೆ ಅವನು ಮದ್ರಾಸಿನಿಂದ ಕರೆಂಟಿನ ಗಿಟಾರು ತಂದ. ಹಚ್ಚೊಳ್ಳಿಯ ಜಡೆಪ್ಪ ಡ್ರಮ್ಮಿಗೆ ಕೂತ, ಓಬಳೇಶ ಹಾಡುಗಾರನಾದ. ರೇಡಿಯೋದಲ್ಲಿ ಕೇಳಿ ಕಲಿತ ಇಂಗ್ಲಿಷ್ ಹಾಡುಗಳ ಅರ್ಥ ಮೂವರಿಗೂ ಗೊತ್ತಿರಲಿಲ್ಲ. ರಾಕ್ ಅಂದರೆ ಬಂಡೆ, ಬಳ್ಳಾರಿಯಲ್ಲಿ ಬಂಡೆಗೇನು ಬರ ಎಂದುಕೊಂಡು ಪಾರ್ವತಿನಗರದ ಬಾಡಿಗೆ ಕೋಣೆಗೆ ‘ಬಂಡೆ ಬ್ಯಾಂಡ್’ ಎಂದು ಬೋರ್ಡು ಹಾಕಿದರು. ಕಾಲೇಜಿನ ಕಾರ್ಯಕ್ರಮದಲ್ಲಿ ಎರಡನೇ ಹಾಡಿಗೇ ಜನ ಎದ್ದು ಹೋದರು. ಅಪ್ಪ ಅಣ್ಣನೊಂದಿಗೆ ಮಾತು ಬಿಟ್ಟರು.

ಅಷ್ಟರಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಮಗಳ ಆರತಕ್ಷತೆಗೆ ಇವರನ್ನು ಕರೆದರು. ದೊಡ್ಡ ಮಂದಿಯೆಲ್ಲ ಸೇರುವ ಮದುವೆ. ಅಲ್ಲಿ ಹೆಸರಾದರೆ ಬ್ಯಾಂಡ್ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದು ಮೂವರೂ ಬಲ್ಲರು.

ಆ ಮದುವೆಗೆ ಇನ್ನೂ ವಾರವಿದೆ ಎನ್ನುವಾಗ ಬಾದನಹಟ್ಟಿಯ ಮರಿಬಸಪ್ಪ ಎಂಬ ರೈತ ಬಂದು ಕೋಣೆಯ ಹೊಸ್ತಿಲ ಮೇಲೆ ಕೂತ. ಅವನ ತಾಯಿ ದೊಡ್ಡಬಸಮ್ಮ ತೀರಿಕೊಂಡಿದ್ದಳು. ದೇಹವನ್ನು ಕೂರಿಸಿ ಹೊರುವ ಹೂವಿನ ವಿಮಾನ ಸಿದ್ಧವಾಗಿತ್ತು. ಅಂದು ಊರೂರಲ್ಲೂ ಲಗ್ನಗಳಿದ್ದುದರಿಂದ ಬ್ಯಾಂಡ್‌ಸೆಟ್‌ನವರು ಒಬ್ಬರೂ ಸಿಕ್ಕಿರಲಿಲ್ಲ. ಬೋರ್ಡಿನ ಮೇಲೆ ಬ್ಯಾಂಡ್ ಎಂದು ಕಂಡು ಇಲ್ಲಿಗೆ ಬಂದಿದ್ದ. ನಮ್ಮದು ಆ ಬ್ಯಾಂಡ್ ಅಲ್ಲ ಎಂದು ಅಣ್ಣ ಎಷ್ಟು ಬಿಡಿಸಿ ಹೇಳಿದರೂ ಅವನು ಏಳಲಿಲ್ಲ.

“ನನ್ನ ಲಗ್ನಕ್ಕಂತೂ ವಾದ್ಯ ಇರಲಿಲ್ಲ, ವಿಮಾನದ ಮುಂದಾದ್ರೂ ಬ್ಯಾಂಡ್ ಇರಲಿ ಅಂದಿದ್ಲು ನಮ್ಮವ್ವ. ನಿಮಗ ಏನು ಬರತೈತಿ ಅದನ್ನ ಬಾರಸ್ರಿ,” ಎಂದ.

ಜಡೆಪ್ಪ ಅಣ್ಣನನ್ನು ಒಳಗೆ ಕರೆದ. “ಲೇ ಗವಿ, ಬ್ಯಾಂಡ್‌ಸೆಟ್‌ನೋರು ಮದುವಿಗೂ ಹೋಗ್ತಾರ, ಮಣ್ಣಿಗೂ ಹೋಗ್ತಾರ, ಅವರನ್ನ ಯಾರೂ ಕೇಳಂಗಿಲ್ಲ. ನಮ್ಮನ್ನ ಸಾಹುಕಾರ ಹೊಸಾದು ಅಂತ ಕರ್ದಾನ. ಹೆಣದ ಮುಂದ ಬಾರಿಸಿದ್ದು ತಿಳಿದ್ರ ಸಿರುಗುಪ್ಪ ಹೋತು.”

ಅಣ್ಣ ತಿಳಿಯದೆ ಹೋದವನಲ್ಲ, ತಿಳಿದೇ ಹೋದ. ಸ್ನೇಹಿತನನ್ನು ಬಿಡಲಾರದೆ ಜಡೆಪ್ಪನೂ ಹೊರಟ, ಓಬಳೇಶನೂ ಹೊರಟ.

ಜಡೆಪ್ಪ ಒಂದು ಡ್ರಮ್ಮು ಬಿಚ್ಚಿ ಕೊರಳಿಗೆ ಕಟ್ಟಿಕೊಂಡ. ಭಜನೆಯ ಪದ ಬಾರದ ಓಬಳೇಶ ಇಂಗ್ಲಿಷ್ ಹಾಡನ್ನೇ ನಿಧಾನಕ್ಕೆ ಎಳೆದು ಹಾಡಿದ. ಬಾದನಹಟ್ಟಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಕರೆಂಟಿಲ್ಲದ ಗಿಟಾರು ಪಕ್ಕದವನಿಗೂ ಕೇಳಿಸುವುದಿಲ್ಲ. ಅಣ್ಣ ಮಾತ್ರ ಮಣ್ಣು ಮಾಡುವ ಹೊಲ ಮುಟ್ಟುವವರೆಗೂ ಒಂದು ತಂತಿ ತಪ್ಪಿಸದೆ ನುಡಿಸಿದನಂತೆ.

ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು? ಬರುವುದು ಬೇಡವೆಂದು ಸಿರುಗುಪ್ಪದಿಂದ ಹೇಳಿಕಳಿಸಿದರು. ‘ಹೆಣದ ಬ್ಯಾಂಡ್’ ಎಂಬ ಹೆಸರು ಅಂಟಿಕೊಂಡಿತು. ಜಡೆಪ್ಪ ಹಚ್ಚೊಳ್ಳಿಗೆ ಮರಳಿ ಟ್ರ್ಯಾಕ್ಟರ್ ಹತ್ತಿದ, ಓಬಳೇಶ ಗುಂತಕಲ್ಲಿನ ಕಡೆ ಹೋದ. ಅಣ್ಣ ಅದೇ ಕೋಣೆಯಲ್ಲಿ ರೇಡಿಯೋ ಬಿಚ್ಚುತ್ತ ಕೂತ. ಸಾಹುಕಾರನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಣ್ಣನಿಗೆ ಇರಲಿಲ್ಲ. ನಾನು ಕೆದಕಿದಾಗ ಒಮ್ಮೆ ಅಂದ: “ಬಾದನಹಟ್ಟ್ಯಾಗ ಯಾರೂ ನಡುವ ಎದ್ದು ಹೋಗಲಿಲ್ಲ ಚನ್ನಿ.”

ಎಂಬತ್ನಾಲ್ಕರಲ್ಲಿ ಎದೆನೋವಿನಿಂದ ಅವನು ಹೋದ. ದೇಹವನ್ನೂ ಕೋಣೆಯಲ್ಲಿದ್ದ ಗಿಟಾರನ್ನೂ ಕುರುಗೋಡಿಗೆ ತಂದು, ಮನೆಯ ಮುಂದೆ ವಿಮಾನ ಕಟ್ಟಿದರು. ಬ್ಯಾಂಡಿನಿಂದಲೇ ಮಗ ಕೆಟ್ಟ, ಬ್ಯಾಂಡ್ ಬೇಡ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಇನ್ನೇನು ಎತ್ತಬೇಕು, ಆಗ ಓಣಿಯ ತುದಿಯಲ್ಲಿ ಕೆಂಪು ಅಂಗಿಯ ಬ್ಯಾಂಡ್‌ಸೆಟ್‌ನವರು ಕಂಡರು. ಮುಂದೆ ತಲೆ ನರೆತ ಮರಿಬಸಪ್ಪ. ಇವರನ್ನು ಕರೆದವರಾರು ಎಂದು ಅಪ್ಪ ಗದರಿದರು.

“ಯಾರೂ ಕರೀಲಿಲ್ರಿ ಯಜಮಾನ್ರ. ನಮ್ಮವ್ವಗ ಯಾರೂ ಇರಲಾರದಾಗ ನಿಮ್ಮ ಮಗ ಬಂದಿದ್ದ. ಅವಗ ನಾ ಬರಲಿಲ್ಲಂದ್ರ ಹೆಂಗ್ರಿ?”

ಅಪ್ಪ ಒಳಗೆ ಹೋಗಿ, ಯಾವತ್ತೂ ಮುಟ್ಟದ ಆ ಗಿಟಾರನ್ನು ತಾವೇ ತಂದು ಮಗನ ತೊಡೆಯ ಮೇಲಿಟ್ಟು, ಬಾರಿಸಿರಿ ಎಂದು ಬ್ಯಾಂಡಿನವರಿಗೆ ಕೈ ಮಾಡಿದರು.